ಯಾರ ಲೆಕ್ಕದಲ್ಲಿ ಮೊದಲನೆಯ ಹಾಡು?

2024ರ ಫೆಬ್ರವರಿ 20ರಂದು ಅಮೀನ್ ಸಯಾನಿ ತೀರಿಕೊಂಡರು. ಸುದ್ದಿ ಬಂದ ಮರುದಿನ ನಮ್ಮ ಸಲಹಾ ಕೇಂದ್ರದಲ್ಲಿ ಐವತ್ತು ದಾಟಿದ ನಾವು ಮೂರು ಜನ ಫೈಲುಗಳನ್ನು ಪಕ್ಕಕ್ಕೆ ಸರಿಸಿ 'ಬಿನಾಕಾ ಗೀತ್‌ಮಾಲಾ'ದ ನೆನಪು ತೆಗೆದುಕೊಂಡು ಕುಳಿತೆವು. ಹೊಸದಾಗಿ ಸೇರಿದ ಹುಡುಗಿಯೊಬ್ಬಳು, "ನಿಮ್ಮ ಕಾಲದಲ್ಲಿ ನಂಬರ್ ಒನ್ ಆಗಿದ್ದ ಹಾಡು ಯಾವುದು ಮೇಡಂ? ಒಂದು ಹೇಳಿ" ಅಂದಳು. ನನ್ನ ಬಾಯಿಂದ ಥಟ್ಟನೆ ಬಂದದ್ದು 'ಮೇರೆ ಅಂಗನೇ ಮೇಂ'. 1981ರಲ್ಲಿ ವರ್ಷದ ಪಟ್ಟಿಯಲ್ಲೇ ಮೊದಲನೆಯ ಸ್ಥಾನ ಪಡೆದ ಹಾಡು. ಆಗ ನನಗೆ ಹತ್ತು ವರ್ಷ. ಹಾಡಿಯೂ ತೋರಿಸಿದೆ. ಅವಳಿಗೆ ಹಿಂದಿ ಅಷ್ಟಾಗಿ ಬಾರದು. "ಅರ್ಥ ಏನು?" ಎಂದು ಕೇಳಿದಳು. ಹೇಳಲು ಶುರು ಮಾಡಿದವಳು ಎರಡನೆಯ ಚರಣಕ್ಕೇ ನಿಂತುಬಿಟ್ಟೆ. ಮೇಜಿನ ಆಚೆ, ಗಂಡ "ದಪ್ಪ ಆಗಿದ್ದೀಯ, ನಿಮ್ಮಪ್ಪ ಮುಚ್ಚಿಟ್ಟು ಮದುವೆ ಮಾಡಿದ" ಎಂದು ದಿನವೂ ಹೊಡೆಯುತ್ತಾನೆಂದು ದೂರು ತಂದಿದ್ದ ಹೆಣ್ಣುಮಗಳು ಕುಳಿತಿದ್ದಳು.

ಆ ಹಾಡು ಗೊತ್ತಿಲ್ಲದವರಿಗಾಗಿ ಇಷ್ಟು ಹೇಳುತ್ತೇನೆ. ಅದು 'ಲಾವಾರಿಸ್' ಚಿತ್ರದ್ದು. ಮೂಲತಃ ಉತ್ತರದ ಕಡೆಯ ಜಾನಪದ ಮಟ್ಟು. ಅಮಿತಾಭ್ ಬಚ್ಚನ್ ತಾವೇ ಹಾಡಿ, ಒಂದೊಂದು ಚರಣಕ್ಕೆ ಒಂದೊಂದು ಹೆಂಗಸಿನ ವೇಷ ಹಾಕಿ ಕುಣಿದರು. ಉದ್ದನೆಯ ಹೆಂಡತಿ, ದಪ್ಪನೆಯ ಹೆಂಡತಿ, ಕಪ್ಪು ಹೆಂಡತಿ, ಬಿಳಿ ಹೆಂಡತಿ, ಗಿಡ್ಡ ಹೆಂಡತಿ. ಯಾವ ಅಳತೆಯವಳು, ಯಾವ ಬಣ್ಣದವಳು ಮನೆಯಲ್ಲಿ ಯಾವ ಉಪಯೋಗಕ್ಕೆ ಬರುತ್ತಾಳೆ ಎಂಬುದೇ ಹಾಡಿನ ತಮಾಷೆ. ಹೆಣ್ಣಿನ ಕಡೆಯವರು ಮದುವೆಯಲ್ಲಿ ಮಂಚ, ಹಾಸಿಗೆ, ಪಾತ್ರೆ ಎಂದು ಸಾಮಾನಿನ ಪಟ್ಟಿ ಬರೆಯುತ್ತಾರಲ್ಲ, ಆ ಪಟ್ಟಿಯೊಳಗೆ ಹೆಂಡತಿಯನ್ನೇ ಸೇರಿಸಿದರೆ ಹೇಗಿರುತ್ತದೋ ಹಾಗೆ. ಇಡೀ ದೇಶ ನಕ್ಕಿತು. ನಾನೂ ನಕ್ಕೆ. ನಕ್ಕದ್ದಷ್ಟೇ ಅಲ್ಲ, ಕುಣಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ನಾವಿದ್ದದ್ದು ತುಮಕೂರಿನ ಒಂದು ವಠಾರದಲ್ಲಿ. ಒಂಬತ್ತು ಮನೆ, ಒಂದು ಬಾವಿ, ಎರಡು ಬಚ್ಚಲು. ಇಡೀ ವಠಾರಕ್ಕೆ ರೇಡಿಯೋ ಇದ್ದದ್ದು ಮೂಲೆಮನೆಯಲ್ಲಿ ಮಾತ್ರ. ಅದು 1976ರಲ್ಲಿ ಆ ಮನೆಗೆ ಸೊಸೆಯ ಜೊತೆ ಬಂದದ್ದು. ವಾಚು, ರೇಡಿಯೋ, ಸೈಕಲ್ಲು: ಆ ಕಾಲದ ಮಧ್ಯಮ ವರ್ಗದ ಗಂಡು ಕೇಳುತ್ತಿದ್ದ ಮೂರು ವಸ್ತುಗಳು ಇವು. ಇನ್ನೂ ಸ್ವಲ್ಪ ಮೇಲಿನವರು ಸ್ಕೂಟರ್ ಕೇಳುತ್ತಿದ್ದರು. ವರದಕ್ಷಿಣೆ ನಿಷೇಧ ಕಾಯ್ದೆ 1961ರಲ್ಲೇ ಬಂದಿದ್ದರೂ ಈ ಪಟ್ಟಿಯನ್ನು ಯಾರೂ ವರದಕ್ಷಿಣೆ ಎನ್ನುತ್ತಿರಲಿಲ್ಲ. "ಹುಡುಗನಿಗೆ ಪ್ರೀತಿಯಿಂದ ಕೊಟ್ಟದ್ದು" ಎನ್ನುತ್ತಿದ್ದರು. ನಾವು ಮಕ್ಕಳು ಆ ಸೊಸೆಯನ್ನು ಹೆಸರು ಹಿಡಿದು ಕರೆದದ್ದೇ ನೆನಪಿಲ್ಲ. ರೇಡಿಯೋ ಜೊತೆ ಬಂದವಳು, ಆದ್ದರಿಂದ 'ರೇಡಿಯೋ ಅಕ್ಕ'. ಆದರೆ ರೇಡಿಯೋದ ತಿರುಪು ಮುಟ್ಟುವ ಅಧಿಕಾರ ಅವಳಿಗಿರಲಿಲ್ಲ. "ಮುಳ್ಳು ಜಾರಿದರೆ ಮತ್ತೆ ಸಿಲೋನ್ ಸಿಕ್ಕೋದಿಲ್ಲ" ಎಂದು ಗಂಡ ಗದರುತ್ತಿದ್ದರು. ಆಗ ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಶುಲ್ಕ ಕಟ್ಟಿ ಲೈಸೆನ್ಸ್ ಪಡೆಯಬೇಕಾಗಿತ್ತು. ಪುಟ್ಟ ಪುಸ್ತಕ ಕೊಡುತ್ತಿದ್ದರು. ಆ ಪುಸ್ತಕ ಗಂಡನ ಹೆಸರಿನಲ್ಲಿತ್ತು. ಈ ಪುಸ್ತಕದ ಮಾತು ಮುಂದೆಯೂ ಬರುತ್ತದೆ.

ಸಿಲೋನ್ ರೇಡಿಯೋದ ಕಥೆ ನಮ್ಮ ಪೀಳಿಗೆಗೆ ಗೊತ್ತು. 1952ರಲ್ಲಿ ಬಿ.ವಿ. ಕೇಸ್ಕರ್ ವಾರ್ತಾ ಮಂತ್ರಿಯಾಗಿ ಬಂದ ಕಾಲಕ್ಕೆ ಆಕಾಶವಾಣಿಯಿಂದ ಸಿನಿಮಾ ಹಾಡುಗಳು ಮಾಯವಾದವು. ಕೇಳುಗರೆಲ್ಲ ಕೊಲಂಬೋ ಕಡೆಗೆ ಮುಳ್ಳು ತಿರುಗಿಸಿದರು. ಅದೇ ವರ್ಷ ಅಲ್ಲಿ ಗೀತ್‌ಮಾಲಾ ಶುರುವಾಯಿತು. ಸರ್ಕಾರ ಎಚ್ಚೆತ್ತು ವಿವಿಧ ಭಾರತಿ ತೆರೆದದ್ದು 1957ರಲ್ಲಿ. ಅಷ್ಟರಲ್ಲಿ ಬುಧವಾರ ರಾತ್ರಿ ಎಂಟು ಗಂಟೆ ಎಂಬುದು ದೇಶದ ಒಂದು ಹಬ್ಬವೇ ಆಗಿಬಿಟ್ಟಿತ್ತು. ಹದಿನಾರನೆಯ ಸ್ಥಾನದಿಂದ ಶುರುವಾಗಿ ಒಂದೊಂದೇ ಮೆಟ್ಟಿಲು ಹತ್ತುತ್ತಾ ಒಂಬತ್ತಕ್ಕೆ ಸ್ವಲ್ಪ ಮುಂಚೆ ಮೊದಲನೆಯ ಹಾಡು. ಮೆಟ್ಟಿಲಿಗೆ ಅವರು 'ಪಾಯ್ದಾನ್' ಎನ್ನುತ್ತಿದ್ದರು. ಆ ಪದ ವಠಾರದ ಮಕ್ಕಳ ಬಾಯಲ್ಲೂ ಓಡಾಡುತ್ತಿತ್ತು. ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದರೆ "ನೀನು ಹದಿನಾರನೇ ಪಾಯ್ದಾನು" ಎಂದು ರೇಗಿಸುತ್ತಿದ್ದೆವು.

ಒಂದು ಮಾತನ್ನು ಹೇಳಲೇಬೇಕು. ಬೇರೆಯವರೆಲ್ಲ 'ಭಾಯಿಯೋ ಔರ್ ಬೆಹನೋ' ಎನ್ನುವಾಗ ಸಯಾನಿಯವರು ಅಕ್ಕತಂಗಿಯರನ್ನು ಮೊದಲು ಕರೆಯುತ್ತಿದ್ದರು. ಅಷ್ಟು ದೂರದಿಂದ, ಅಲೆಯಂತೆ ಹತ್ತಿರ ಬಂದು ದೂರ ಹೋಗುವ ಆ ದನಿಯಲ್ಲಿ, ಮೊದಲು ನಮ್ಮನ್ನು! ಆದರೆ ಮೂಲೆಮನೆಯ ಜಗಲಿಯಲ್ಲಿ ಕುರ್ಚಿ, ಬೆಂಚು ಗಂಡಸರಿಗೆ. ಕೆಳಗೆ ಚಾಪೆ ಮಕ್ಕಳಿಗೆ. ಬಾಗಿಲ ಸಂದಿನಲ್ಲಿ ಮತ್ತು ಬಾವಿಕಟ್ಟೆಯ ಹತ್ತಿರ ಹೆಂಗಸರು, ಅದೂ ಕೈಕೆಲಸ ಇಟ್ಟುಕೊಂಡು.

ನಮಗೆ ಯಾರಿಗೂ ಹಿಂದಿ ಬರುತ್ತಿರಲಿಲ್ಲ. ಬರುತ್ತಿದ್ದದ್ದು ಅಕ್ಕನ ಗಂಡನಿಗೆ ಮಾತ್ರ. ಅವರು ಮಂಡಿಯಲ್ಲಿ ಗುಮಾಸ್ತರು, ಉತ್ತರದ ವ್ಯಾಪಾರಿಗಳ ಜೊತೆ ಮಾತಾಡಿ ಕಲಿತಿದ್ದರು. 1981ರ ಮಳೆಗಾಲದ ಒಂದು ಬುಧವಾರ ಈ ಹಾಡು ಬಂದಾಗ ಅವರು ಚರಣ ಚರಣಕ್ಕೂ ಕನ್ನಡದಲ್ಲಿ ಅರ್ಥ ಹೇಳಿದರು. ಬರೀ ಅರ್ಥ ಹೇಳಿ ಬಿಡಲಿಲ್ಲ. ಉದ್ದನೆಯವಳಿಗೆ ಎದುರುಮನೆಯವರನ್ನೂ ಕಪ್ಪಗಿನವಳಿಗೆ ನನ್ನ ಅಮ್ಮನನ್ನೂ ಹೊಂದಿಸಿದರು. ಗಂಡಸರು ಬೆಂಚು ತಟ್ಟಿ ನಕ್ಕರು. ನನ್ನ ಅಪ್ಪನೂ ನಕ್ಕರು. ಯಾರೋ "ನಿಮ್ಮನೆಯವರು ಯಾವುದಕ್ಕೆ ಆಗ್ತಾರೆ ಸ್ವಾಮಿ?" ಎಂದು ಕೇಳಿದಾಗ ಅವರು, "ನಮ್ಮದು ಯಾವುದಕ್ಕೂ ಆಗೋ ಮಾಲಲ್ಲ. ಅದರ ಮೇಲೆ ಸ್ಕೂಟರ್ ಬೇರೆ ಬಾಕಿ" ಎಂದರು. ಅತಿ ಹೆಚ್ಚು ನಗು ಬಂದದ್ದು ಅದಕ್ಕೇ. ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

ಆ ಮನೆಯ ರೇಡಿಯೋ ಬುಧವಾರ ಒಂಬತ್ತು ಗಂಟೆಗೆ ಆರುತ್ತಿತ್ತು. ಕೆಲವು ರಾತ್ರಿ ಹತ್ತರ ಹೊತ್ತಿಗೆ, ಬಾಗಿಲು ಹಾಕಿದ ಮೇಲೆ, ಮತ್ತೆ ಜೋರಾಗಿ ಹಾಡುತ್ತಿತ್ತು. ನಾನು ಒಮ್ಮೆ ಹಾಸಿಗೆಯಿಂದ ಎದ್ದು, "ಈಗ ಯಾವ ಪ್ರೋಗ್ರಾಮಮ್ಮ?" ಎಂದು ಕೇಳಿದ್ದೆ. ಅಮ್ಮ ನನ್ನ ಕಿವಿ ಮುಚ್ಚುವ ಹಾಗೆ ಹೊದಿಕೆ ಎಳೆದು, "ಮಲಕ್ಕೊ" ಅಂದರು. ವಠಾರದ ಒಂಬತ್ತು ಮನೆಗಳಲ್ಲಿ ದೊಡ್ಡವರಿಗೆಲ್ಲ ಅದು ಯಾವ ಪ್ರೋಗ್ರಾಮ್ ಎಂದು ಗೊತ್ತಿತ್ತು. ತವರಿನ ದುಡ್ಡಿನಲ್ಲಿ ಬಂದ ರೇಡಿಯೋ ತಂದವಳ ಕೂಗನ್ನು ಮುಚ್ಚುವ ಕೆಲಸಕ್ಕೂ ಒದಗಿತ್ತು.

ಸಿನಿಮಾ ಹಾಡು ಕೇಳಿ ಗಂಡಸರು ಹೊಡೆಯುವುದನ್ನು ಕಲಿತರು ಎಂದು ನಾನು ವಾದಿಸುತ್ತಿಲ್ಲ. ಹಾಡು ಹುಟ್ಟುವ ಮೊದಲೂ ಹೊಡೆಯುತ್ತಿದ್ದರು, ಹಾಡು ಕೇಳದವರೂ ಹೊಡೆಯುತ್ತಾರೆ. ನಾನು ಹೇಳುವುದು ಬೇರೆ. ಮುಚ್ಚಿದ ಬಾಗಿಲ ಹಿಂದೆ ಆಡುವ ಮಾತನ್ನು ಜಗಲಿಯಲ್ಲಿ, ಮಕ್ಕಳ ಮುಂದೆ, ನಗುತ್ತಾ ಆಡಲು ಆ ಹಾಡು ಒಂದು ಅನುಮತಿ ಕೊಟ್ಟಿತು. "ನೀನು ಏನಕ್ಕೂ ಆಗದವಳು" ಎಂಬ ಮಾತಿಗೆ ರಾಗ ಸಿಕ್ಕಿತು. ರಾಗ ಸಿಕ್ಕ ಮಾತಿಗೆ ಎದುರು ಹೇಳುವುದು ಕಷ್ಟ. ಹೇಳಿದರೆ "ಅಯ್ಯೋ, ತಮಾಷೆನೂ ಅರ್ಥವಾಗಲ್ಲವಲ್ಲ" ಎನ್ನುತ್ತಾರೆ. ಇಂದಿಗೂ ನಮ್ಮ ಕೇಂದ್ರಕ್ಕೆ ಬರುವ ಗಂಡಂದಿರು ಇದನ್ನೇ ಹೇಳುವುದು: "ತಮಾಷೆಗೆ ಅಂದೆ ಮೇಡಂ."

ಇಲ್ಲಿ ಇನ್ನೊಂದು ಹಾಡನ್ನು ಪಕ್ಕಕ್ಕಿಟ್ಟು ನೋಡಬೇಕು. 1993ರಲ್ಲಿ ಪಟ್ಟಿಯ ತುದಿಗೆ ಬಂದದ್ದು 'ಖಲ್‌ನಾಯಕ್' ಚಿತ್ರದ 'ಚೋಲಿ ಕೆ ಪೀಛೆ'. ರವಿಕೆಯ ಸುತ್ತ ಕಟ್ಟಿದ ಆ ಹಾಡಿಗೆ ಆದ ರಾದ್ಧಾಂತ ನೆನಪಿದೆಯಲ್ಲ! ಅಶ್ಲೀಲ ಎಂದು ಕೋರ್ಟಿಗೆ ಅರ್ಜಿ ಹೋಯಿತು, ಸಂಸ್ಕೃತಿ ಮುಳುಗಿತು ಎಂದು ಹಿರಿಯರು ಹೇಳಿಕೆ ಕೊಟ್ಟರು. ಹಾಡಿದ ಇಬ್ಬರಲ್ಲಿ ಒಬ್ಬರು ಅಲ್ಕಾ ಯಾಜ್ಞಿಕ್. 'ಲಾವಾರಿಸ್'ನಲ್ಲಿ 'ಮೇರೆ ಅಂಗನೇ ಮೇಂ' ಹಾಡನ್ನು ಹೆಣ್ಣಿನ ದನಿಯಲ್ಲಿ ಹಾಡಿದವರೂ ಅವರೇ. ಒಂದೇ ಕಂಠ. ಒಂದಕ್ಕೆ ಕೋರ್ಟು, ಇನ್ನೊಂದಕ್ಕೆ ಚಪ್ಪಾಳೆ. ಹೆಣ್ಣು ತನ್ನ ಮೈಯ ವಿಷಯ ತಾನೇ ಎತ್ತಿದಂತೆ ಕಂಡರೆ ಸಮಾಜದ ಮಾನ ಹೋಗುತ್ತದೆ, ಗಂಡು ಹೆಂಡತಿಯ ಮೈಯನ್ನು ಅಳೆದು ತೂಗಿ ಹೀಯಾಳಿಸಿದರೆ ಅದು ಕುಟುಂಬ ಸಮೇತ ನೋಡುವ ಮನರಂಜನೆ! 'ಚೋಲಿ' ಹಾಡು ದೊಡ್ಡ ಸ್ತ್ರೀಪರ ಹಾಡು ಎಂದು ನನ್ನ ಅಭಿಪ್ರಾಯವಲ್ಲ. ಆದರೆ ನಮ್ಮ ಸಿಟ್ಟು ಯಾವಾಗ ಏಳುತ್ತದೆ, ಯಾವಾಗ ಮಲಗಿರುತ್ತದೆ ಎಂಬುದನ್ನು ನೋಡಿಕೊಳ್ಳಬೇಕು.

ಕನ್ನಡದ ಹಾಡುಗಳಿಗೆ ಇಂಥ ಏಣಿ ಇರಲಿಲ್ಲ. ಹಾಗೆಂದು ನಮ್ಮವರು ಹಿಂದೆ ಬಿದ್ದಿರಲಿಲ್ಲ. 1976ರ 'ಬಹದ್ದೂರ್ ಗಂಡು', 1989ರ 'ನಂಜುಂಡಿ ಕಲ್ಯಾಣ', ಎರಡೂ ಸೊಕ್ಕಿನ ಹೆಣ್ಣನ್ನು ಗಂಡು ಹದಕ್ಕೆ ತರುವ ಕಥೆಗಳೇ. ಎರಡನ್ನೂ ನಾವು ಹೆಂಗಸರೇ ಸಾಲುಗಟ್ಟಿ ನೋಡಿದೆವು.

ಇಂಗ್ಲಿಷ್ ಹಾಡು ಕೇಳಿ ಬೆಳೆದವರ ಪಾಡೂ ಬೇರೆಯಲ್ಲ. ಬೆಂಗಳೂರಿನ ಕಂಟೋನ್ಮೆಂಟಿನಲ್ಲಿ ಬೆಳೆದ ಸಹೋದ್ಯೋಗಿಯೊಬ್ಬಳು 1983ರಲ್ಲಿ ಬ್ರಿಟನ್, ಅಮೆರಿಕ ಎರಡೂ ಕಡೆ ಮೊದಲ ಸ್ಥಾನಕ್ಕೇರಿದ 'ಎವೆರಿ ಬ್ರೆತ್ ಯೂ ಟೇಕ್' ಹಾಡನ್ನು ಪ್ರೇಮಗೀತೆಯೆಂದೇ ತಿಳಿದು ತನ್ನ ಮದುವೆಯ ಆರತಕ್ಷತೆಯಲ್ಲಿ ಹಾಕಿಸಿದ್ದಳಂತೆ. ಅದು ಹೆಣ್ಣಿನ ಪ್ರತಿ ಹೆಜ್ಜೆಯ ಮೇಲೂ ಕಣ್ಣಿಟ್ಟು ಕಾಯುವವನ ಹಾಡು. ಬರೆದ ಸ್ಟಿಂಗ್ ಅವರೇ ಅದರಲ್ಲಿರುವುದು ಕೇಡಿನ ಭಾವ, ಜನ ತಪ್ಪಾಗಿ ತಿಳಿದಿದ್ದಾರೆ ಎಂದಿದ್ದಾರೆ. ಅವಳಿಗೆ ಅದರ ಅರ್ಥ ಹೊಳೆದದ್ದು ಗಂಡ ಆಫೀಸಿನ ಗೇಟಿನ ಬಳಿ ನಿಂತು ಕಾಯಲು ಶುರು ಮಾಡಿದ ಮೇಲೆ. ಹಾಡಿದ ತಂಡದ ಹೆಸರು 'ಪೊಲೀಸ್'. ನಮಗೆ ಬೇಕಾದಾಗ ಸಿಗದ ಪೊಲೀಸರು ಬೇರೆ, ಬಿಡಿ.

ಈಗ ನನ್ನ ಕುಣಿತಕ್ಕೆ ಬರುತ್ತೇನೆ. 1982ರ ಜನವರಿ, ಶಾಲಾ ವಾರ್ಷಿಕೋತ್ಸವ. ಐದು ಹುಡುಗಿಯರು ಐದು ಹೆಂಡತಿಯರಾದೆವು. ನಾನು ದಪ್ಪನೆಯವಳು. ಹೊಟ್ಟೆಗೆ ದಿಂಬು ಕಟ್ಟಬೇಕು, ಅದು ಜಾರದಂತೆ ಸೀರೆ ಉಡಿಸಬೇಕು. ಅಮ್ಮನಿಗೆ ಆ ಹಾಡೆಂದರೆ ಆಗುತ್ತಿರಲಿಲ್ಲ, ಕಾರಣ ಹೇಳುತ್ತಿರಲಿಲ್ಲ. ಹಾಗಾಗಿ ರೇಡಿಯೋ ಅಕ್ಕನ ಹತ್ತಿರ ಓಡಿದೆ. ಅವಳು ತನ್ನ ಧಾರೆ ಸೀರೆಯನ್ನೇ ತೆಗೆದು ಉಡಿಸಿದಳು. ದಿಂಬು ಕಟ್ಟುವಾಗ ತಾನೂ ನಕ್ಕಳು. ಸೆರಗಿಗೆ ಪಿನ್ ಹಾಕುವಾಗ ಬಲಗೈ ಬೆರಳು ಮಡಚಲಾಗದೆ ಎಡಗೈಯಲ್ಲೇ ಹಾಕಿದಳು. "ಯಾಕಕ್ಕ?" ಎಂದೆ. "ಕೊಡ ಜಾರಿ ಬಿತ್ತು ಕಣೆ" ಅಂದಳು. ನನಗೆ ಎರಡನೆಯ ಬಹುಮಾನ ಬಂತು, ಸ್ಟೀಲ್ ಲೋಟ. ಅದು ಈಗಲೂ ನಮ್ಮ ಮನೆಯಲ್ಲಿದೆ.

1983ರಲ್ಲಿ ಮೊದಲನೆಯ ಸ್ಥಾನ ಪಡೆದ ಹಾಡು 'ಸೌತನ್' ಚಿತ್ರದ್ದು, 'ಶಾಯದ್ ಮೇರಿ ಶಾದಿ ಕಾ ಖಯಾಲ್'. ಮದುವೆಯ ಆಸೆಯ ಲವಲವಿಕೆಯ ಹಾಡು. ಚಿತ್ರದ ಹೆಸರಿನ ಅರ್ಥವೋ, ಸವತಿ! ಅದೇ ವರ್ಷದ ಕೊನೆಯಲ್ಲಿ ದಂಡ ಸಂಹಿತೆಗೆ 498ಎ ಕಲಂ ಸೇರಿತು. ಗಂಡ ಮತ್ತು ಅವನ ಕಡೆಯವರ ಕ್ರೌರ್ಯ ಮೊದಲ ಬಾರಿಗೆ ಪ್ರತ್ಯೇಕ ಅಪರಾಧವಾಯಿತು. ದೇಶದ ಊರೂರುಗಳಲ್ಲಿ ಹೆಂಗಸರು ಬೀದಿಗಿಳಿದು ಕೂಗಿದ್ದರಿಂದ ಬಂದ ಕಲಂ ಅದು. ಈಗ, 2024ರ ಜುಲೈ 1ರಿಂದ, ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 85 ಮತ್ತು 86ನೆಯ ಕಲಮುಗಳಾಗಿದೆ. ನಮ್ಮ ವಠಾರಕ್ಕೆ ಹಾಡು ವಾರದಲ್ಲಿ ಬಂತು, ಕಾನೂನು ಬರಲೇ ಇಲ್ಲ.

ಅಕ್ಕ ಮನೆ ಬಿಟ್ಟದ್ದು 1984ರಲ್ಲಿ. ಠಾಣೆಗೂ ಹೋಗಿದ್ದಳು. "ಗಂಡ ಹೆಂಡಿರ ಜಗಳ, ಹೊಂದಿಕೊಂಡು ಹೋಗಮ್ಮ" ಎಂದು ಕಳಿಸಿದರು. ಅಣ್ಣಂದಿರು ಎತ್ತಿನ ಗಾಡಿ ತಂದರು. ಹಿರಿಯರ ಮುಂದೆ ಮಾತುಕತೆಯಾಗಿ ಮಂಚ, ಪಾತ್ರೆ, ಟ್ರಂಕು ಗಾಡಿಗೇರಿದವು. ರೇಡಿಯೋ ಮಾತ್ರ ಏರಲಿಲ್ಲ. ಗಂಡ ಒಳಗಿನಿಂದ ಲೈಸೆನ್ಸ್ ಪುಸ್ತಕ ತಂದು, "ಸರ್ಕಾರದ ಮೊಹರು ಇದೆ, ನನ್ನ ಹೆಸರಿನಲ್ಲಿದೆ" ಎಂದು ತೋರಿಸಿದರು. ಹಿರಿಯರು ತಲೆದೂಗಿದರು. ಮೊಹರಿಗೆ ಎದುರು ಹೇಳುವವರು ಯಾರು?

1961ರ ಕಾಯ್ದೆಯ 6ನೆಯ ಕಲಮನ್ನು ಅಲ್ಲಿ ಒಬ್ಬರಾದರೂ ಓದಿದ್ದರೆ! ವರದಕ್ಷಿಣೆಯಾಗಿ ಯಾರ ಕೈಗೆ ಏನು ಬಂದಿದ್ದರೂ ಅದನ್ನು ಹೆಣ್ಣಿಗೆ ವರ್ಗಾಯಿಸಬೇಕು, ಅಲ್ಲಿಯವರೆಗೆ ಅವಳ ಪರವಾಗಿ ಕಾಯ್ದಿಟ್ಟಿರಬೇಕು ಎಂದು ಅದು ಹೇಳುತ್ತದೆ. ಮಾರನೆಯ ವರ್ಷವೇ, 1985ರಲ್ಲಿ, ಪ್ರತಿಭಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ತ್ರೀಧನ ಸಂಪೂರ್ಣವಾಗಿ ಹೆಣ್ಣಿನ ಸೊತ್ತು, ಅದನ್ನು ಹಿಂತಿರುಗಿಸದೆ ಇಟ್ಟುಕೊಂಡ ಗಂಡನ ಮೇಲೆ ನಂಬಿಕೆದ್ರೋಹದ ಮೊಕದ್ದಮೆ ಹೂಡಬಹುದು ಎಂದು ತೀರ್ಪು ಕೊಟ್ಟಿತು. ಲೈಸೆನ್ಸ್ ಪುಸ್ತಕ ಯಾರ ಹೆಸರಿನಲ್ಲಿದ್ದರೂ ರೇಡಿಯೋ ಅಕ್ಕನದೇ.

ಗೀತ್‌ಮಾಲಾದ ಸ್ಥಾನಗಳನ್ನು ಹೇಗೆ ಗೊತ್ತು ಮಾಡುತ್ತಿದ್ದರು ಎಂಬುದನ್ನು ನಾನು ದೊಡ್ಡವಳಾದ ಮೇಲೆ ತಿಳಿದೆ. ಅಂಗಡಿಗಳಿಂದ ಗ್ರಾಮಫೋನ್ ತಟ್ಟೆಗಳ ಮಾರಾಟದ ಲೆಕ್ಕ ತರಿಸುತ್ತಿದ್ದರು, ಜೊತೆಗೆ ಊರೂರಿನ ಶ್ರೋತೃ ಸಂಘಗಳ ಅಭಿಪ್ರಾಯ. ನಮ್ಮ ವಠಾರದಲ್ಲಿ ತಟ್ಟೆ ಕೊಂಡ ಹೆಂಗಸು ಒಬ್ಬಳೂ ಇರಲಿಲ್ಲ. ಸಂಘ ಕಟ್ಟಿ ಪತ್ರ ಬರೆದವಳೂ ಇಲ್ಲ. ಬಟ್ಟೆ ಒಗೆಯುವಾಗ ಯಾವ ಹಾಡು ಬಾಯಿಗೆ ಬರುತ್ತಿತ್ತು, ರುಬ್ಬುವಾಗ ಯಾವುದು ಎಂದು ಯಾರಾದರೂ ಬಾವಿಕಟ್ಟೆಯಲ್ಲಿ ಕುಳಿತು ಬರೆದುಕೊಂಡಿದ್ದರೆ ಬೇರೆ ಪಟ್ಟಿಯೇ ಆಗುತ್ತಿತ್ತು. ಅಕ್ಕ ಸದಾ ಗುನುಗುತ್ತಿದ್ದದ್ದು 'ಅಂಖಿಯೋಂ ಕೆ ಝರೋಖೋಂ ಸೆ'. ಹೇಮಲತಾ ಹಾಡಿದ್ದು, ರವೀಂದ್ರ ಜೈನ್ ಬರೆದು ರಾಗ ಹಾಕಿದ್ದು, 1978ರಲ್ಲಿ ಅದೂ ಮೊದಲಿಗೇರಿತ್ತು. ಮಾತು ಅರ್ಥವಾಗದೆ ತಾನೇ ಮಾತು ಜೋಡಿಸಿಕೊಂಡು ಹಾಡುತ್ತಿದ್ದಳು. ಆದ್ದರಿಂದ ಆ ಹಾಡುಗಳನ್ನೆಲ್ಲ ಒಲೆಗೆ ಹಾಕಿ ಎನ್ನುವವರ ಜೊತೆ ನಾನು ಸೇರಲಾರೆ. ಆ ವಠಾರದಲ್ಲಿ ಅವಳದೇ ಎಂದು ಇದ್ದದ್ದು ಆ ಗುನುಗು ಒಂದೇ.

ಆ ದಿನ ಕೇಂದ್ರದಿಂದ ಮನೆಗೆ ಬಂದವಳು ಅಕ್ಕನಿಗೆ ಫೋನ್ ಮಾಡಿದೆ. ಅವಳು ತಿಪಟೂರಿನ ಕಡೆ ಇದ್ದಾಳೆ. ನಲವತ್ತು ವರ್ಷ ಹೊಲಿಗೆ ಮಾಡಿ ಎರಡು ಕೋಣೆಯ ಮನೆ ಮಾಡಿಕೊಂಡಿದ್ದಾಳೆ. ಆ ಹಾಡು ನೆನಪಿದೆಯಾ ಎಂದು ಕೇಳಿ ಒಂದು ಸಾಲು ಹಾಡಿದೆ.

"ಓ, ಅದಾ! ನೀನು ದಿಂಬು ಕಟ್ಕೊಂಡು ಕುಣಿದದ್ದು. ಪೂರ್ತಿ ಹಾಡು ನಾನು ಕೇಳೇ ಇಲ್ಲ ಕಣೆ."

"ಪ್ರತಿ ಬುಧವಾರ ಬರ್ತಿತ್ತಲ್ಲಕ್ಕ, ಮೊದಲ್ನೇದು."

"ಮೊದಲ್ನೇದು ಬರೋ ಹೊತ್ತಿಗೆ ಅವರಿಗೆ ತಟ್ಟೆ ಹಾಕ್ಬೇಕಿತ್ತಲ್ಲ, ಒಂಬತ್ತಕ್ಕೆ ಸರಿಯಾಗಿ. ಸಾರು ಬಿಸಿ ಮಾಡ್ತಾ ಇರ್ತಿದ್ದೆ, ಸ್ಟೌವ್ ಸದ್ದಲ್ಲಿ ಏನು ಕೇಳಿಸುತ್ತೆ? ಯಾವ ವರ್ಷದ್ದೂ ಮೊದಲ್ನೇ ಹಾಡು ನಾನು ಅದು ಮೇಲಕ್ಕೆ ಹೋಗೋಕ್ಕೆ ಮುಂಚೆ ಕೇಳಿದ್ದಷ್ಟೆ. ಆ ಹಾಡಿಗೆ ಅವರು ಜಗಲೀಲಿ ಕೂತು ಅರ್ಥ ಹೇಳಿದ್ದು ಮಾತ್ರ ಕೇಳಿಸ್ತು. ಅದು ಜೋರಾಗಿ ಹೇಳಿದ್ರಲ್ಲ."

ನಾನು 6ನೆಯ ಕಲಂ, 1985ರ ತೀರ್ಪು ಎಲ್ಲ ಹೇಳಿದೆ. "ಈಗ ಹೇಳ್ತೀಯಲ್ಲೇ" ಎಂದು ನಕ್ಕಳು. ಆಮೇಲೆ, "ಆ ಹಾಡು ಹಾಕು, ಕೇಳೋಣ" ಅಂದಳು. ಇನ್ನೊಂದು ಫೋನಿನಲ್ಲಿ ಹಾಕಿ ಈ ಫೋನಿನ ಹತ್ತಿರ ಹಿಡಿದೆ. ಕೊನೆಯವರೆಗೂ ಸುಮ್ಮನೆ ಕೇಳಿದಳು.

"ಕುಣಿಯೋಕ್ಕೆ ಚೆನ್ನಾಗಿದೆ, ನಿನ್ನ ತಪ್ಪೇನಿಲ್ಲ ಬಿಡು" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಆ ರೇಡಿಯೋ ಆಮೇಲೆ ಏನಾಯ್ತೋ, ನಿನಗೇನಾದ್ರೂ ಗೊತ್ತಾ?" ಎಂದು ಕೇಳಿದಳು.